ಮನೆಯ ಮೂಲೆಯ ಜೇಡ ಮತ್ತು ಶ್ರಾವಕನ ಯತ್ನಾಚಾರ

ಕೊಳ್ಳೇಗಾಲ ತಾಲ್ಲೂಕಿನ ಕುಂತೂರು ಕಬ್ಬಿನ ಗದ್ದೆಗಳ ನಡುವಿನ ಊರು. ಸಕ್ಕರೆ ಕಾರ್ಖಾನೆಯೊಂದು ಅಲ್ಲಿದೆ. ಈ ಭಾಗದ ಹಳೆಯ ಮನೆಗಳಿಗೆ ತಾಗಿ ದನದ ಕೊಟ್ಟಿಗೆಯಿರುತ್ತಿತ್ತು. ಇಂದು ಅನೇಕ ಕಡೆ ಅದೇ ಕೊಟ್ಟಿಗೆ ಟ್ರಾಕ್ಟರ್, ಮೋಟಾರ್ ಸೈಕಲ್, ಕಾರು ನಿಲ್ಲಿಸುವ ಶೆಡ್ಡಾಗಿ ಮಾರ್ಪಟ್ಟಿದೆ. ದನಗಳಿದ್ದ ಕಾಲದಲ್ಲಿ ದಿನಕ್ಕೆ ಎರಡು ಸಲ ಸೆಗಣಿ ಬಾಚಿ ನೆಲವನ್ನು ಗುಡಿಸಲಾಗುತ್ತಿತ್ತು. ವಾಹನಕ್ಕೆ ಸೆಗಣಿಯಿಲ್ಲ, ಆದುದರಿಂದ ಗುಡಿಸುವವರೂ ಇಲ್ಲ. ಹಳೆಯ ಟೈರು, ಗೋಣಿಚೀಲ, ಒಡೆದ ಕುಂಡ, ರಟ್ಟಿನ ಪೆಟ್ಟಿಗೆ, ಉಳಿದ ಹೆಂಚು ಇವೆಲ್ಲವೂ ಒಂದು ಮೂಲೆಯಲ್ಲಿ ವರ್ಷಗಟ್ಟಲೆ ಕೂಡಿಕೊಳ್ಳುತ್ತವೆ. ಆ ಮೂಲೆಯಲ್ಲಿ ಮೊದಲು ಜಿರಲೆ, ಅದರ ಹಿಂದೆ ಜೇಡ, ಚೇಳು, ಇಲಿ, ಇಲಿಯ ಹಿಂದೆ ಹಾವು ಬಂದು ಸೇರುತ್ತವೆ. ಒಂದು ದಿನ ಮಗುವೊಂದು ಚೆಂಡನ್ನು ಹುಡುಕುತ್ತ ಅಲ್ಲಿಗೆ ಕೈಹಾಕುವುದನ್ನು ಕಂಡು ಮನೆಯವರು ಬೆಚ್ಚುತ್ತಾರೆ. ಅಂಗಡಿಯಿಂದ ಕೀಟನಾಶಕದ ಡಬ್ಬಿ ಬರುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆಯಲ್ಲಿಯೂ ಆ ಡಬ್ಬಿ ಹೀಗೆಯೇ ಬರುತ್ತದೆ.

ವಿಷಜಂತುವಿನ ಮುಂದೆ ಶ್ರಾವಕನ ಕರ್ತವ್ಯವೇನು ಎಂಬ ಪ್ರಶ್ನೆ ಹೊಸದಲ್ಲ. ಜೈನ ಆಚಾರ್ಯರೂ ಕವಿಗಳೂ ವೈದ್ಯರೂ ಒಂದೂವರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಇದನ್ನು ಚಿಂತಿಸಿದ್ದಾರೆ. ಅವರಲ್ಲಿ ಹಲವರ ನೆನಪು ಚಾಮರಾಜನಗರ ಜಿಲ್ಲೆಯ ಈ ಸೀಮೆಯಲ್ಲಿಯೇ ಉಳಿದಿದೆ.

ಕನಕಗಿರಿಯ ನೆನಪು

ಕೊಳ್ಳೇಗಾಲವು 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯ ಬಳಿಕ ಅದು ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯ ಭಾಗವಾಯಿತು. ಇದೇ ಜಿಲ್ಲೆಯ ಮಲೆಯೂರಿನ ಕನಕಗಿರಿ ಕರ್ನಾಟಕದ ಪ್ರಾಚೀನ ಜೈನ ಕ್ಷೇತ್ರಗಳಲ್ಲಿ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ‘ರಾಜಾವಳಿ ಕಥೆ’ಯನ್ನು ಬರೆದ ದೇವಚಂದ್ರನು ಈ ಕನಕಗಿರಿಯವನು. ಅಲ್ಲಿನ ಬೆಟ್ಟದ ಮೇಲೆ ಪಾರ್ಶ್ವನಾಥ ತೀರ್ಥಂಕರರ ಬಸದಿಯಿದೆ. ಕ್ಷೇತ್ರದ ಪರಂಪರೆಯು ಆಚಾರ್ಯ ಪೂಜ್ಯಪಾದರ ತಪಸ್ಸನ್ನೂ ಆ ಬೆಟ್ಟದೊಂದಿಗೆ ಕೂಡಿಸಿ ಹೇಳುತ್ತದೆ.

ಈ ಎರಡು ಹೆಸರುಗಳೂ ವಿಷಜಂತುವಿನ ವಿಚಾರಕ್ಕೆ ಹತ್ತಿರವಾದವು. ಪಾರ್ಶ್ವನಾಥರ ಲಾಂಛನವೇ ಸರ್ಪ. ತಾಪಸನೊಬ್ಬನು ಉರಿಸುತ್ತಿದ್ದ ಕೊರಡಿನೊಳಗೆ ಸರ್ಪಗಳು ಬೇಯುತ್ತಿರುವುದನ್ನು ಕುಮಾರ ಪಾರ್ಶ್ವನು ಅರಿತು ತಿಳಿಸಿದನೆಂದೂ, ಸಾಯುವ ಗಳಿಗೆಯಲ್ಲಿ ಅವನಿಂದ ಶಾಂತಿಯನ್ನು ಪಡೆದ ಆ ಜೀವಗಳು ಧರಣೇಂದ್ರ ಪದ್ಮಾವತಿಯರಾಗಿ ಹುಟ್ಟಿದವೆಂದೂ ಪುರಾಣಗಳು ಹೇಳುತ್ತವೆ. ಆ ಕಥೆಯಲ್ಲಿ ತಾಪಸನಿಗೆ ಸರ್ಪದ ಮೇಲೆ ದ್ವೇಷವಿರಲಿಲ್ಲ. ಅವನು ಕೊರಡನ್ನು ಬೆಂಕಿಗೆ ಒಡ್ಡುವ ಮೊದಲು ಅದರೊಳಗೆ ಏನಿದೆ ಎಂದು ನೋಡಲಿಲ್ಲ. ಪುರಾಣಕಾರರು ಹಿಂಸೆಯ ಮೂಲವನ್ನು ಈ ‘ನೋಡದಿರುವಿಕೆ’ಯಲ್ಲಿ ಕಂಡರು.

ಪೂಜ್ಯಪಾದರ ಕುರಿತು ಚಂದಯ್ಯ ಕವಿಯ ಕನ್ನಡ ‘ಪೂಜ್ಯಪಾದ ಚರಿತೆ’ಯಲ್ಲಿ ಎರಡು ಪ್ರಸಂಗಗಳಿವೆ. ತೋಟದಲ್ಲಿ ಹಾವಿನ ಬಾಯಿಗೆ ಸಿಕ್ಕಿದ ಕಪ್ಪೆಯನ್ನು ಕಂಡು ಅವರಿಗೆ ವೈರಾಗ್ಯ ಉಂಟಾಯಿತೆಂಬುದು ಒಂದು. ತನ್ನ ವ್ಯಾಕರಣವನ್ನು ಮುಗಿಸಲಾಗದ ಕೊರಗಿನಲ್ಲಿ ಸತ್ತು ಸರ್ಪವಾಗಿ ಹುಟ್ಟಿದ ಪಾಣಿನಿಯು ಬುಸುಗುಟ್ಟಿದಾಗ, ಆ ಕೆಲಸವನ್ನು ತಾವು ಪೂರ್ಣಗೊಳಿಸುವುದಾಗಿ ಪೂಜ್ಯಪಾದರು ಅದಕ್ಕೆ ಅಭಯ ಕೊಟ್ಟರೆಂಬುದು ಇನ್ನೊಂದು. ಪಾಣಿನಿಯು ಪೂಜ್ಯಪಾದರಿಗಿಂತ ಅನೇಕ ಶತಮಾನಗಳಷ್ಟು ಹಿಂದಿನವನಾದುದರಿಂದ ಈ ಕಥೆಯನ್ನು ಇತಿಹಾಸವೆಂದು ಎಣಿಸಲಾಗದು. ಆದರೂ ಅದು ಸಮಾಜವೊಂದರ ಮನೋಭಾವಕ್ಕೆ ಸಾಕ್ಷಿಯಾಗಿದೆ. ಕಪ್ಪೆಯನ್ನು ಕಂಡ ಪೂಜ್ಯಪಾದರು ಹಾವಿಗೆ ದೊಣ್ಣೆ ಎತ್ತಲಿಲ್ಲ. ಬುಸುಗುಟ್ಟಿದ ಹಾವಿನಲ್ಲಿ ಅವರು ಕಂಡದ್ದು ತೀರದ ಆಸೆಯಿಂದ ಬಳಲುವ ಒಂದು ಜೀವವನ್ನು.

ಶಾಸ್ತ್ರದ ದೃಷ್ಟಿಯಲ್ಲಿ ಜೇಡ

ಜೇಡವು ಚಲಿಸುವ ಜೀವಿ, ಎಂದರೆ ತ್ರಸಜೀವ. ಎರಡರಿಂದ ನಾಲ್ಕು ಇಂದ್ರಿಯಗಳುಳ್ಳ ಜೀವಿಗಳನ್ನು ಶಾಸ್ತ್ರಕಾರರು ವಿಕಲೇಂದ್ರಿಯಗಳೆಂದು ಕರೆದಿದ್ದಾರೆ. ಹುಳು, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದೇ ಇಂದ್ರಿಯ ಹೆಚ್ಚುತ್ತದೆಯೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಈ ವಿಂಗಡಣೆಯಲ್ಲಿ ಗ್ರಂಥಗಳ ನಡುವೆ ಭೇದವೂ ಉಂಟು. ಕುಂದಕುಂದಾಚಾರ್ಯರ ಪಂಚಾಸ್ತಿಕಾಯವು ಚೇಳನ್ನು ಮೂರು ಇಂದ್ರಿಯಗಳ ಜೀವಿಗಳಲ್ಲಿ ಸೇರಿಸಿದರೆ, ಶ್ವೇತಾಂಬರ ಆಗಮವಾದ ಉತ್ತರಾಧ್ಯಯನವು ಅದನ್ನು ನಾಲ್ಕು ಇಂದ್ರಿಯಗಳ ಗುಂಪಿಗೆ ಸೇರಿಸುತ್ತದೆ. ಎಣಿಕೆ ಹೇಗೇ ಇರಲಿ, ಕಚ್ಚುವ ಮತ್ತು ಕುಟುಕುವ ಜೀವಿಗಳನ್ನು ಯಾವ ಗ್ರಂಥವೂ ಜೀವರಾಶಿಯಿಂದ ಹೊರಗಿಡಲಿಲ್ಲ.

ಶ್ವೇತಾಂಬರರು ನಿತ್ಯವೂ ಹೇಳುವ ಇರಿಯಾವಹಿಯ ಸೂತ್ರದಲ್ಲಿ ಜೇಡರ ಬಲೆಯ ಹೆಸರೇ ಬರುತ್ತದೆ. ದಾರಿ ನಡೆಯುವಾಗ ಮಂಜಿನ ಹನಿ, ಇರುವೆಯ ಗೂಡು, ಹಸಿ ಮಣ್ಣು, ಜೇಡರ ಬಲೆ ಇವುಗಳನ್ನು ತುಳಿದಿದ್ದರೆ ಆ ದೋಷಕ್ಕೆ ಪ್ರತಿಕ್ರಮಣ ಮಾಡುವ ಪಾಠವದು. ಮುನಿಗಳು ತಂಗುವ ಸ್ಥಳವನ್ನು ಆರಿಸುವಾಗ ಅಲ್ಲಿ ಜೇಡರ ಬಲೆಗಳಿವೆಯೇ ಎಂದು ನೋಡಬೇಕೆಂದು ಆಚಾರಾಂಗವೂ ಹೇಳುತ್ತದೆ. ಹೀಗೆ ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಶಿಸ್ತಿನಲ್ಲಿಯೇ ಜೇಡದ ವಾಸಸ್ಥಾನದ ಮೇಲೆ ಗಮನವಿತ್ತು. ದಿಗಂಬರ ಮುನಿಗಳ ಕೈಯಲ್ಲಿರುವ ನವಿಲುಗರಿಯ ಪಿಂಛಿಯ ಉದ್ದೇಶವೂ ಅದೇ. ಕುಳಿತುಕೊಳ್ಳುವ ಮೊದಲು, ವಸ್ತುವನ್ನು ಎತ್ತಿಕೊಳ್ಳುವ ಮತ್ತು ಇಡುವ ಮೊದಲು, ಅಲ್ಲಿರುವ ಸೂಕ್ಷ್ಮಜೀವವನ್ನು ನೋವಾಗದಂತೆ ಸರಿಸುವುದಕ್ಕೆ ಅದು ಸಾಧನ.

ಗೃಹಸ್ಥನಿಗೆ ಮುನಿಯ ಮಹಾವ್ರತವಿಲ್ಲ. ಅಡಿಗೆ, ಕೃಷಿ, ಮನೆ ಕಟ್ಟುವುದು ಮೊದಲಾದ ಕಾರ್ಯಗಳಲ್ಲಿ ಆಗುವ ಆರಂಭೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರನೆಂದು ಆಚಾರ್ಯರು ಒಪ್ಪಿದ್ದಾರೆ. ಆದರೆ ಅಹಿಂಸಾಣುವ್ರತವನ್ನು ವಿವರಿಸುವಾಗ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಮನ, ವಚನ, ಕಾಯಗಳಿಂದ, ತಾನು ಮಾಡಿ, ಇತರರಿಂದ ಮಾಡಿಸಿ, ಮಾಡಿದವರನ್ನು ಅನುಮೋದಿಸಿ, ಸಂಕಲ್ಪಪೂರ್ವಕವಾಗಿ ತ್ರಸಜೀವವನ್ನು ಕೊಲ್ಲದಿರುವುದೇ ಆ ಗೆರೆ. ಮೂಲೆಯಲ್ಲಿ ಸುಮ್ಮನೆ ಕುಳಿತ ಜೇಡವನ್ನು ಅದು ಜೇಡವೆಂಬ ಕಾರಣಕ್ಕೆ ಕೊಂದರೆ ಅದು ಆರಂಭೀ ಹಿಂಸೆಯಲ್ಲ, ಸಂಕಲ್ಪೀ ಹಿಂಸೆ. ಮನೆಗೆಲಸದವರ ಕೈಗೆ ಪೊರಕೆಯನ್ನೋ ಔಷಧದ ಡಬ್ಬಿಯನ್ನೋ ಕೊಟ್ಟು ಒಳಗೆ ಹೋಗಿ ಕುಳಿತರೂ ‘ಕಾರಿತ’ದ ದೋಷ ತಪ್ಪುವುದಿಲ್ಲ.

ಹಿಂಸ್ರಪ್ರಾಣಿಯನ್ನು ಕೊಲ್ಲಬಹುದೇ?

ಇಲ್ಲಿ ಲೋಕರೂಢಿಯ ಒಂದು ವಾದವಿದೆ. ಜೇಡವು ತಾನೇ ಕೊಲೆಗಾರ ಪ್ರಾಣಿ. ಅದನ್ನು ಕೊಂದರೆ ನೂರಾರು ನೊಣ, ಪತಂಗಗಳ ಜೀವ ಉಳಿಯುತ್ತದೆ. ಚೇಳನ್ನು ಕೊಂದರೆ ಮನೆಯವರ ಜೀವ ಉಳಿಯುತ್ತದೆ ಎಂಬುದು ಆ ವಾದ. ಅಮೃತಚಂದ್ರಸೂರಿಗಳು ಹತ್ತನೆಯ ಶತಮಾನದ ಸುಮಾರಿಗೆ ರಚಿಸಿದ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನು ಎದುರಿಗಿಟ್ಟುಕೊಂಡು ಉತ್ತರಿಸಿದ್ದಾರೆ. ಒಂದು ಹಿಂಸ್ರಜೀವಿಯನ್ನು ಕೊಂದು ಅನೇಕ ಜೀವಗಳನ್ನು ಉಳಿಸಬಹುದೆಂಬ ಲೆಕ್ಕವನ್ನು ಅವರು ನಿರಾಕರಿಸುತ್ತಾರೆ. ಬದುಕಿದ್ದರೆ ಅದು ಇನ್ನಷ್ಟು ಪಾಪವನ್ನು ಗಳಿಸುತ್ತದೆ, ಆದುದರಿಂದ ಕೊಲ್ಲುವುದೇ ದಯೆ ಎಂಬ ಮಾತನ್ನೂ ನಿರಾಕರಿಸುತ್ತಾರೆ. ದುಃಖಪಡುವ ಜೀವಿಯನ್ನು ಕೊಂದು ದುಃಖದಿಂದ ಬಿಡಿಸಬೇಕೆಂಬ ಮಾತೂ ಅವರಿಗೆ ಒಪ್ಪಿಗೆಯಿಲ್ಲ. ಇಂಥ ಲೆಕ್ಕಗಳನ್ನು ಒಪ್ಪಿದರೆ ಯಾವ ಕೊಲೆಗೂ ಒಂದು ಪುಣ್ಯದ ಹೆಸರು ದೊರೆಯುತ್ತದೆಯೆಂಬ ಎಚ್ಚರ ಆ ಪದ್ಯಗಳ ಹಿಂದೆ ಇರುವಂತೆ ತೋರುತ್ತದೆ. ಅದೇ ಗ್ರಂಥವು ಕತ್ತಿ, ಬಿಲ್ಲು, ಬೆಂಕಿಗಳ ಜೊತೆಗೆ ವಿಷವನ್ನೂ ಹಿಂಸೆಯ ಉಪಕರಣವೆಂದು ಎಣಿಸಿ, ಅದನ್ನು ಇತರರಿಗೆ ಕೊಡುವುದನ್ನು ಅನರ್ಥದಂಡವೆಂದು ನಿಷೇಧಿಸುತ್ತದೆ.

ಹಾಗಾದರೆ ಜೇಡ, ಚೇಳುಗಳೊಡನೆ ಕೈಕಟ್ಟಿಕೊಂಡು ಬಾಳಬೇಕೇ? ಇಲ್ಲ. ಪ್ರಮತ್ತಯೋಗದಿಂದ, ಎಂದರೆ ಎಚ್ಚರಗೇಡಿತನದಿಂದ ಪ್ರಾಣವನ್ನು ತೆಗೆಯುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಅದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಕುಂದಕುಂದರ ಪ್ರವಚನಸಾರದ ಒಂದು ಗಾಹೆಯನ್ನು ಆಧಾರವಾಗಿ ಕೊಡುತ್ತಾರೆ. ಜೀವವು ಸಾಯಲಿ, ಬದುಕಲಿ, ಅಜಾಗರೂಕನಾಗಿ ನಡೆಯುವವನಿಗೆ ಹಿಂಸೆಯ ದೋಷ ನಿಶ್ಚಿತ. ಎಚ್ಚರದಿಂದ ನಡೆಯುವವನಿಗೆ ಆಕಸ್ಮಿಕವಾಗಿ ಒಂದು ಜೀವ ಹೋದ ಮಾತ್ರಕ್ಕೆ ಬಂಧವಿಲ್ಲ ಎಂಬುದು ಅದರ ತಾತ್ಪರ್ಯ. ಎಚ್ಚರದ ಈ ನಡೆಯೇ ಯತ್ನಾಚಾರ.

ಈ ಮಾತನ್ನು ಶೆಡ್ಡಿನ ಮೂಲೆಗೆ ಅನ್ವಯಿಸಿದರೆ ಅರ್ಥ ತೀಕ್ಷ್ಣವಾಗುತ್ತದೆ. ಔಷಧ ಸಿಂಪಡಿಸಿದ ದಿನ ದೋಷ ಆರಂಭವಾಗಲಿಲ್ಲ. ಮೂರು ವರ್ಷ ಆ ಮೂಲೆಯನ್ನು ಯಾರೂ ನೋಡದೆ ಬಿಟ್ಟಾಗಲೇ ಅದು ಆರಂಭವಾಯಿತು. ಜೇಡದ ಸಾವಿಗೂ ಮಗುವಿನ ಅಪಾಯಕ್ಕೂ ಅಲ್ಲಿ ಕಾರಣ ಒಂದೇ.

ಮಂಗರಾಜನ ದಾರಿ

ಜೈನ ಪರಂಪರೆಯು ಎಚ್ಚರವನ್ನು ಬೋಧಿಸಿ ಸುಮ್ಮನಾಗಲಿಲ್ಲ. ಕಚ್ಚಿಸಿಕೊಂಡವರಿಗೆ ಚಿಕಿತ್ಸೆಯನ್ನೂ ಹುಡುಕಿತು. ಆಯುರ್ವೇದದಲ್ಲಿ ವಿಷಚಿಕಿತ್ಸೆಗೆ ಅಗದತಂತ್ರವೆಂದು ಹೆಸರು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಜೇಡಕ್ಕೆ ‘ಲೂತಾ’ ಎಂಬ ಹೆಸರಿದ್ದು, ಅದರ 16 ಬಗೆಗಳನ್ನು ಹೇಳಿದೆ. ಎಂಟು ಕಷ್ಟಸಾಧ್ಯ, ಎಂಟು ಅಸಾಧ್ಯ. ಜೈನ ವೈದ್ಯರು ಈ ವಿದ್ಯೆಯನ್ನು ಸ್ವೀಕರಿಸುವಾಗ ಅದನ್ನು ತಮ್ಮ ವ್ರತಕ್ಕೆ ಹೊಂದಿಸಿಕೊಂಡರು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’ವು ಮದ್ಯ, ಮಾಂಸ, ಮಧುಗಳಿಲ್ಲದ ಔಷಧಕ್ರಮವನ್ನು ನಿರೂಪಿಸಿ, ಮಾಂಸಾಹಾರದ ನಿಷ್ಪ್ರಯೋಜಕತೆಯನ್ನು ಕೊನೆಯಲ್ಲಿ ವಾದಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದಾಗಲೂ ಅದೇ ನಿಯಮವನ್ನು ಪಾಲಿಸಿದನು.

ಹದಿನಾಲ್ಕನೆಯ ಶತಮಾನದಲ್ಲಿ, ಸುಮಾರು 1360ರಲ್ಲಿ, ಜೈನಕವಿ ಮೊದಲನೆಯ ಮಂಗರಾಜನು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಖಗೇಂದ್ರನೆಂದರೆ ಗರುಡ, ವಿಷವನ್ನು ಇಳಿಸುವ ಗರುಡಮಣಿಗೆ ಹಿಡಿದ ಕನ್ನಡಿಯೆಂಬುದು ಹೆಸರಿನ ಅರ್ಥ. ಗಿಡಮೂಲಿಕೆ, ಖನಿಜಗಳಿಂದ ಬರುವ ಸ್ಥಾವರ ವಿಷವನ್ನೂ ಪ್ರಾಣಿಗಳಿಂದ ಬರುವ ಜಂಗಮ ವಿಷವನ್ನೂ ಅವುಗಳ ಚಿಕಿತ್ಸೆಯನ್ನೂ ಅದು ಕನ್ನಡ ಪದ್ಯಗಳಲ್ಲಿ ವಿವರಿಸುತ್ತದೆ. ವಿಷವೈದ್ಯದ ಮೇಲೆಯೇ ಇಷ್ಟು ವಿಸ್ತಾರವಾದ ಕನ್ನಡ ಗ್ರಂಥವನ್ನು ಜೈನಕವಿಯೊಬ್ಬನು ಬರೆದುದು ಅರ್ಥಪೂರ್ಣ. ವಿಷಜಂತುವನ್ನು ಕೊಲ್ಲಲು ಒಪ್ಪದ ಸಮಾಜಕ್ಕೆ ವಿಷವನ್ನು ಇಳಿಸುವ ವಿದ್ಯೆ ಅನಿವಾರ್ಯವಾಗಿತ್ತು. 1942ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಈ ಗ್ರಂಥವನ್ನು ಅಚ್ಚುಹಾಕಿಸಿತು.

ಧನಂಜಯ ಕವಿಯ ವಿಷಾಪಹಾರ ಸ್ತೋತ್ರವನ್ನು ಭಕ್ತಿಯಿಂದ ಪಠಿಸುವ ಮನೆಗಳು ಇಂದೂ ಇವೆ. ಹಾವು ಕಚ್ಚಿದ ಮಗನು ಆ ಸ್ತೋತ್ರದ ಪ್ರಭಾವದಿಂದ ಚೇತರಿಸಿಕೊಂಡನೆಂಬ ಐತಿಹ್ಯ ಅದಕ್ಕಿದೆ. ಭಕ್ತಿ ಮನಸ್ಸಿಗೆ ಧೈರ್ಯವನ್ನು ಕೊಡುತ್ತದೆ. ಆದರೆ ಸ್ತೋತ್ರವನ್ನು ಬಲ್ಲ ಸಮಾಜದಲ್ಲಿಯೇ ಖಗೇಂದ್ರಮಣಿದರ್ಪಣವೂ ಹುಟ್ಟಿತೆಂಬುದನ್ನು ಮರೆಯಬಾರದು. ಪೂರ್ವಿಕರು ಪ್ರಾರ್ಥನೆಗಾಗಿ ಔಷಧವನ್ನು ಬಿಡಲಿಲ್ಲ.

ನಿಜವಾದ ಭಯವೂ ಕಲ್ಪಿತ ಭಯವೂ

ಯತ್ನಾಚಾರಕ್ಕೆ ಮೊದಲು ಬೇಕಾದುದು ಸಮ್ಯಗ್ಜ್ಞಾನ. ಯಾವುದಕ್ಕೆ ಎಷ್ಟು ಹೆದರಬೇಕೆಂಬ ತಿಳಿವಳಿಕೆ. ಬಹುಪಾಲು ಎಲ್ಲ ಜೇಡಗಳಿಗೂ ವಿಷವಿದೆ, ಆದರೆ ಅದು ಕೀಟಗಳಿಗಾಗಿ ಇರುವ ವಿಷ. ಮನೆಯ ಜೇಡಗಳಲ್ಲಿ ಹೆಚ್ಚಿನವುಗಳ ಹಲ್ಲು ಮನುಷ್ಯನ ಚರ್ಮವನ್ನು ತೂರುವಷ್ಟು ಬಲವಾದುದಲ್ಲ. ಗೋಡೆಯ ಮೇಲೆ ಅಂಗೈಯಗಲ ಚಪ್ಪಟೆಯಾಗಿ ಕುಳಿತು ಮಕ್ಕಳನ್ನು ಹೆದರಿಸುವ ದೊಡ್ಡ ಜೇಡವು ಜಿರಲೆಯನ್ನು ಹಿಡಿದು ಬದುಕುತ್ತದೆ. ಮನುಷ್ಯನನ್ನು ಕಂಡರೆ ಓಡುತ್ತದೆ. ಉದ್ದ ಕಾಲುಗಳ ಸಣ್ಣ ಜೇಡ, ನೆಗೆಯುವ ಜೇಡ ಇವುಗಳಿಂದ ಅಪಾಯವಿಲ್ಲ.

ಎಚ್ಚರದಿಂದ ಇರಬೇಕಾದವು ಕೆಲವು. ಕೂದಲು ತುಂಬಿದ ದೊಡ್ಡ ಜೇಡಗಳನ್ನು ಟ್ಯಾರಂಟುಲಾ ಎನ್ನುತ್ತಾರೆ. ಅವುಗಳಲ್ಲಿ ಪೊಸಿಲೋಥೀರಿಯಾ ಎಂಬ ಮರವಾಸಿ ಕುಲವಿದ್ದು, ಅದರ ಒಂದು ಜಾತಿಯನ್ನು ಪೋಕಾಕ್ ಎಂಬ ವಿಜ್ಞಾನಿ 1895ರಲ್ಲಿ ಮೈಸೂರು ಸೀಮೆಯ ಮಾದರಿಯಿಂದಲೇ ವರ್ಣಿಸಿದರು. ಇವು ಕಚ್ಚಿದರೆ ತೀವ್ರ ನೋವೂ ಹಲವು ದಿನಗಳ ಸ್ನಾಯು ಸೆಳೆತವೂ ಉಂಟಾಗಬಹುದು. ಲ್ಯಾಟ್ರೋಡೆಕ್ಟಸ್ ಎಂಬ ಕುಲದ ಸಣ್ಣ, ಗುಂಡು ಹೊಟ್ಟೆಯ ಜೇಡಗಳೂ ಭಾರತದಲ್ಲಿ ದಾಖಲಾಗಿವೆ. ಕುಂಡದ ಅಡಿ, ಕುರ್ಚಿಯ ಕೆಳಭಾಗ, ಬಳಸದ ವಾಹನದ ಚಕ್ರದ ಸಂದು ಇಂಥ ಕಡೆ ಅವು ಅಂಕುಡೊಂಕಾದ ಬಲೆ ಕಟ್ಟುತ್ತವೆ. ಅವುಗಳ ವಿಷ ನರಗಳಿಗೆ ತಗಲುತ್ತದೆ. ಆದರೂ ಭಾರತದಲ್ಲಿ ಜೇಡದ ಕಡಿತದಿಂದಲೇ ಸಾವು ಸಂಭವಿಸಿದುದಕ್ಕೆ ಸಿದ್ಧವಾದ ಪ್ರಮಾಣ ಅತಿ ವಿರಳ.

ಭಯವೇ ಅನಾಹುತಕ್ಕೆ ಕಾರಣವಾಗಬಹುದೆಂಬುದಕ್ಕೆ ಅಸ್ಸಾಮಿನ ಸದಿಯಾ ಪ್ರದೇಶದ ಘಟನೆ ಉದಾಹರಣೆ. 2012ರಲ್ಲಿ ಅಲ್ಲಿ ದೊಡ್ಡ ಜೇಡಗಳು ಗುಂಪಾಗಿ ಬಂದು ಜನರನ್ನು ಕಚ್ಚಿದವೆಂಬ ಸುದ್ದಿ ಹರಡಿ, ಇಬ್ಬರ ಸಾವನ್ನು ಅವುಗಳ ಮೇಲೆ ಹೊರಿಸಲಾಯಿತು. ಗಾಯವನ್ನು ನಾಟಿವೈದ್ಯರು ಬ್ಲೇಡಿನಿಂದ ಕೊಯ್ದು ರಕ್ತ ಹರಿಸಿದ್ದರೆಂದು ಬಳಿಕ ಆಸ್ಪತ್ರೆಯ ವೈದ್ಯರು ತಿಳಿಸಿದರು. ಸಾವಿಗೆ ಜೇಡದ ವಿಷವೇ ಕಾರಣವೆಂಬುದು ಸಿದ್ಧವಾಗಲಿಲ್ಲ.

ಕರ್ನಾಟಕದ ಮನೆಗಳಲ್ಲಿ ಜೇಡಕ್ಕಿಂತ ಹೆಚ್ಚಿನ ಅಪಾಯ ಚೇಳಿನಿಂದ. ಅದರಲ್ಲಿಯೂ ನೋಟ ಮೋಸಗೊಳಿಸುತ್ತದೆ. ಭಯಾನಕವಾಗಿ ಕಾಣುವ ದೊಡ್ಡ ಕರಿಚೇಳಿಗಿಂತ ಸಣ್ಣ ಕೆಂಪು ಚೇಳಿನ ವಿಷ ಬಹಳ ತೀವ್ರ. ಅದು ಹೃದಯವನ್ನು ಕೆಡಿಸಿ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲುದು, ಮಕ್ಕಳಿಗೆ ಪ್ರಾಣಾಂತಿಕವಾಗಬಹುದು. ಮಹಾರಾಷ್ಟ್ರದ ಮಹಾಡದಲ್ಲಿ ಗ್ರಾಮೀಣ ವೈದ್ಯರಾಗಿದ್ದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ, ರಕ್ತದೊತ್ತಡಕ್ಕೆ ಬಳಸುವ ಅಗ್ಗದ ಮಾತ್ರೆಯಿಂದ ಈ ಸಾವುಗಳನ್ನು ಬಹುಮಟ್ಟಿಗೆ ತಡೆಯಬಹುದೆಂದು ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಒಂದು ಚೇಳನ್ನೂ ಕೊಲ್ಲದೆ ನೂರಾರು ಮಕ್ಕಳನ್ನು ಉಳಿಸಿದ ಈ ವಿದ್ಯೆಯನ್ನು ಮಂಗರಾಜನ ದಾರಿಯ ಮುಂದುವರಿಕೆಯೆಂದು ಕರೆಯಬಹುದು.

ಸಿಂಪಡಿಸುವ ಔಷಧದ ಚರಿತ್ರೆ

ಮನೆಯ ಗೋಡೆಗೆ ಕೀಟನಾಶಕ ಸಿಂಪಡಿಸುವ ರೂಢಿಗೂ ಚರಿತ್ರೆಯಿದೆ. ಡಿಡಿಟಿಯ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪಾಲ್ ಮ್ಯೂಲರ್ ಅವರಿಗೆ 1948ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಸ್ವಾತಂತ್ರ್ಯದ ಕಾಲಕ್ಕೆ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲಿ 8 ಲಕ್ಷ ಮಂದಿ ಸಾಯುತ್ತಿದ್ದರೆಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮವಾಯಿತು. ಸಿಂಪಡಿಸುವ ತಂಡಗಳು ಹಳ್ಳಿಹಳ್ಳಿಗೆ ಬಂದವು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಈ ಲೋಕೋಪಕಾರವನ್ನು ಅಲ್ಲಗಳೆಯುವುದು ಸತ್ಯಕ್ಕೆ ಅಪಚಾರ. ಸಾವಿನ ದವಡೆಯಲ್ಲಿದ್ದ ಗೃಹಸ್ಥರು ಅನಿವಾರ್ಯವಾಗಿ ಒಪ್ಪಿದ ಹಿಂಸೆಯದು.

ಕ್ರಮೇಣ ಡಿಡಿಟಿಯ ದೋಷಗಳೂ ತಿಳಿದುಬಂದವು. 1989ರಲ್ಲಿ ಕೃಷಿಯಲ್ಲಿ ಅದರ ಬಳಕೆಯನ್ನು ಭಾರತ ನಿಲ್ಲಿಸಿತು. ಆದರೆ ಗೋಡೆಗೆ ವಿಷ ಬಳಿಯುವ ಅಭ್ಯಾಸ ಉಳಿಯಿತು. ಲಕ್ಷಾಂತರ ಜನರನ್ನು ಕೊಲ್ಲುವ ರೋಗದ ವಿರುದ್ಧ ಎತ್ತಿದ ಆಯುಧ, ಯಾರನ್ನೂ ಕೊಲ್ಲದ ಜೇಡದ ಮೇಲೂ ಬೀಳತೊಡಗಿತು. ಮೊದಲನೆಯದಕ್ಕೆ ಇದ್ದ ಅನಿವಾರ್ಯತೆ ಎರಡನೆಯದಕ್ಕೆ ಇಲ್ಲ. ಪ್ರಯೋಜನವೂ ಅಲ್ಪ. ಜೇಡವು ಕಾಲಿನ ತುದಿಗಳ ಮೇಲೆ ನಡೆಯುವುದರಿಂದ ನೆಲ, ಗೋಡೆಗಳ ಮೇಲೆ ಒಣಗಿದ ಔಷಧ ಅದರ ಮೈಗೆ ಹೆಚ್ಚು ತಗಲುವುದಿಲ್ಲ. ಇರುವೆ, ಜಿರಲೆ, ದುಂಬಿಗಳೆಲ್ಲ ಸಾಯುತ್ತವೆ; ತೆವಳುವ ಮಗುವಿನ ಕೈಗೂ ಅದು ಹತ್ತುತ್ತದೆ. ಕಸದ ರಾಶಿ ಹಾಗೆಯೇ ಇದ್ದರೆ ಕೆಲವು ವಾರಗಳಲ್ಲಿ ಹೊಸ ಜೇಡ ಬರುತ್ತದೆ. ವಿಷಕ್ಕೆ ಜೀವಭೇದ ತಿಳಿಯದೆಂಬುದನ್ನು ಕೊಳ್ಳೇಗಾಲದ ರೇಷ್ಮೆ ಬೆಳೆಗಾರರು ಚೆನ್ನಾಗಿ ಬಲ್ಲರು. ಹಿಪ್ಪುನೇರಳೆಗೆ ತಾಗಿದ ಕೀಟನಾಶಕ ಹುಳು ಸಾಕುವ ಮನೆಯನ್ನೇ ಬರಿದುಮಾಡಬಲ್ಲುದು. ರೇಷ್ಮೆಯ ಹಿಂಸೆ ಬೇರೆಯೇ ವಿಚಾರ; ವಿಷದ ಬಗೆಗಿನ ಅವರ ಎಚ್ಚರ ಮಾತ್ರ ಕಲಿಯತಕ್ಕದ್ದು.

ಮನೆಯಲ್ಲಿ ಯತ್ನಾಚಾರ

ಅಹಿಂಸಾವ್ರತವನ್ನು ದೃಢಪಡಿಸುವ ಐದು ಭಾವನೆಗಳನ್ನು ತತ್ತ್ವಾರ್ಥಸೂತ್ರ ಹೇಳಿದೆ: ವಾಗ್ಗುಪ್ತಿ, ಮನೋಗುಪ್ತಿ, ಈರ್ಯಾಸಮಿತಿ, ಆದಾನನಿಕ್ಷೇಪಣ ಸಮಿತಿ, ಆಲೋಕಿತಪಾನಭೋಜನ. ಇವುಗಳಲ್ಲಿ ಕೊನೆಯ ಮೂರು ಕಣ್ಣಿಗೆ ಸಂಬಂಧಿಸಿದವು. ನೋಡಿ ನಡೆಯುವುದು, ನೋಡಿ ಎತ್ತುವುದು ಮತ್ತು ಇಡುವುದು, ನೋಡಿ ಉಣ್ಣುವುದು. ಮನೆಯ ಹಿತ್ತಲಿಗೂ ವಾಹನದ ಶೆಡ್ಡಿಗೂ ಇದಕ್ಕಿಂತ ಒಳ್ಳೆಯ ನಿಯಮವಿಲ್ಲ.

ಚಪ್ಪಲಿ, ಬೂಟುಗಳನ್ನು ಕೊಡವಿ ಹಾಕಿಕೊಳ್ಳುವುದು, ಹೊರಗೆ ಒಣಗಿದ ಬಟ್ಟೆಯನ್ನು ಝಾಡಿಸಿ ಮಡಿಸುವುದು, ಸೌದೆಯನ್ನೂ ಇಟ್ಟಿಗೆಯನ್ನೂ ಗೋಡೆಯಿಂದ ದೂರದಲ್ಲಿ, ನೆಲದಿಂದ ಮೇಲೆ ಜೋಡಿಸುವುದು, ಕೈಚೀಲ ಧರಿಸದೆ ಹಳೆಯ ಸಾಮಾನನ್ನು ಎತ್ತದಿರುವುದು ಇವು ಆದಾನನಿಕ್ಷೇಪಣದ ಗೃಹಸ್ಥರೂಪ. ಕತ್ತಲಲ್ಲಿ ಬ್ಯಾಟರಿ ಹಿಡಿದು ನಡೆಯುವುದು ಈರ್ಯಾಸಮಿತಿ. ಬಾಗಿಲ ಕೆಳಗಿನ ಸಂದು ಮುಚ್ಚಿ, ಕಿಟಕಿಗೆ ಜಾಲರಿ ಹಾಕಿದರೆ ಬರುವುದೇ ಕಡಿಮೆಯಾಗುತ್ತದೆ. ಬಾಗಿಲ ಬಳಿ ಪ್ರಖರವಾದ ಬಿಳಿಯ ದೀಪದ ಬದಲು ಮಂದವಾದ ಹಳದಿ ದೀಪವಿದ್ದರೆ ಪತಂಗಗಳು ಕಡಿಮೆ ಬರುತ್ತವೆ. ಅವುಗಳನ್ನು ಹಿಂಬಾಲಿಸುವ ಜೇಡವೂ ಕಡಿಮೆಯಾಗುತ್ತದೆ.

ವಾರಕ್ಕೊಮ್ಮೆ ಹಗಲಿನಲ್ಲಿ ಮೂಲೆಗಳನ್ನು ಗುಡಿಸಬೇಕು. ಹಾಗೆ ಮಾಡಿದರೆ ಬಲೆಯು ಮೊಟ್ಟೆಯ ಚೀಲವನ್ನು ಹೊರುವ ಮೊದಲೇ, ಜೇಡವು ಬೇರೆಡೆಗೆ ಸರಿಯುವಷ್ಟು ಅವಕಾಶವಿರುವಾಗಲೇ ಜಾಗ ಶುಚಿಯಾಗುತ್ತದೆ. ಒಳಗಿರುವ ಜೇಡದ ಮೇಲೆ ಅಗಲ ಬಾಯಿಯ ಲೋಟವನ್ನು ಕವುಚಿ, ಕೆಳಗೆ ಗಟ್ಟಿ ರಟ್ಟನ್ನು ಮೆಲ್ಲನೆ ತೂರಿಸಿ, ಹೊರಗೆ ನೆರಳಿರುವ ಪೊದೆಯ ಬಳಿ ಬಿಡಬಹುದು. ಚೇಳನ್ನು ಉದ್ದನೆಯ ಇಕ್ಕಳದಿಂದ ಹಿಡಿದು ಮುಚ್ಚಳದ ಡಬ್ಬಿಯಲ್ಲಿ ದೂರ ಸಾಗಿಸಬಹುದು. ನೇರಳಾತೀತ ಬೆಳಕಿನ ಬ್ಯಾಟರಿಯಡಿ ಚೇಳಿನ ಮೈ ಹಸಿರಾಗಿ ಹೊಳೆಯುವುದರಿಂದ ರಾತ್ರಿಯಲ್ಲಿಯೂ ಅದನ್ನು ಗುರುತಿಸಲು ಸಾಧ್ಯ. ಹಾವಿಗೆ ಮಾತ್ರ ಯಾರೂ ಕೈಹಾಕಬಾರದು. ಅರಣ್ಯ ಇಲಾಖೆಯವರನ್ನೋ ತರಬೇತಿ ಪಡೆದ ಹಾವು ಹಿಡಿಯುವವರನ್ನೋ ಕರೆಯಬೇಕು.

ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ ತೊಳೆದು, ತಣ್ಣನೆಯ ಬಟ್ಟೆಯಿಟ್ಟು, ಅಂಗವನ್ನು ಅಲುಗಾಡಿಸದೆ ಇರಿಸಬೇಕು. ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು, ಸುಡುವುದು ಸಲ್ಲದು. ಬೆವರು, ವಾಂತಿ, ಉಸಿರಾಟದ ತೊಂದರೆ, ಕೈಕಾಲು ತಣ್ಣಗಾಗುವುದು, ಸ್ನಾಯು ಸೆಳೆತ, ಹರಡುವ ಊತ ಕಂಡರೆ ಒಡನೆ ಆಸ್ಪತ್ರೆಗೆ ಒಯ್ಯಬೇಕು. ಚೇಳು ಕುಟುಕಿದ್ದು ಚಿಕ್ಕ ಮಗುವನ್ನಾದರೆ ಲಕ್ಷಣಕ್ಕಾಗಿ ಕಾಯಬಾರದು. ಕಚ್ಚಿದ್ದು ಹಾವೆಂಬ ಸಂಶಯವಿದ್ದರಂತೂ ಒಂದು ಗಳಿಗೆಯೂ ತಡಮಾಡಬಾರದು.

ಬಸದಿಗಳ ಹೊಣೆ

ಮನೆಗಿಂತ ಬಸದಿ, ಯಾತ್ರಿನಿವಾಸಗಳ ಹೊಣೆ ದೊಡ್ಡದು. ವರ್ಷದ ಬಹುಭಾಗ ಮುಚ್ಚಿದ್ದ ಕೋಣೆ ದಶಲಕ್ಷಣ ಪರ್ವಕ್ಕೋ ರಥೋತ್ಸವಕ್ಕೋ ಒಂದೇ ದಿನದಲ್ಲಿ ತೆರೆಯುತ್ತದೆ. ಹಾಸಿಗೆ, ಪಾತ್ರೆ, ಚಪ್ಪರದ ಗಳ ಹೊರಬರುತ್ತವೆ. ಕಾಲಾವಕಾಶವಿಲ್ಲದೆ ಔಷಧ ಸಿಂಪಡಿಸುವವರನ್ನು ಕರೆಯುತ್ತಾರೆ. ಕ್ಷಮೆಯ ಪರ್ವಕ್ಕೆ ಮುನ್ನುಡಿ ಸಾವಿರಾರು ಜೀವಗಳ ಸಾವಾಗುತ್ತದೆ. ತಿಂಗಳಿಗೊಂದು ಸಲ ಕೋಣೆ ತೆರೆದು, ಬೆಳಕು ಗಾಳಿ ಆಡಿಸಿ, ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಈ ಸಂಕಟವೇ ಬಾರದು. ಗುಡಿಸುವ ಕೆಲಸಗಾರರಿಗೆ ಕೈಚೀಲ, ಬೂಟು, ಬೆಳಕು ಒದಗಿಸುವುದು ಟ್ರಸ್ಟಿನ ಧರ್ಮ. ಬರಿಗೈಯಲ್ಲಿ ಸಾಮಾನು ಎತ್ತಿದ ಕೂಲಿಯವನನ್ನು ಚೇಳು ಕುಟುಕಿದರೆ ಆ ಪ್ರಮಾದ ಅವನದಲ್ಲ. ಹತ್ತಿರದ ಆಸ್ಪತ್ರೆಯ ಹೆಸರು, ವಾಹನದ ಏರ್ಪಾಟು ಕಚೇರಿಯ ಗೋಡೆಯ ಮೇಲಿರಬೇಕು.

ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಗೊಮ್ಮಟನ ಕಾಲ ಬಳಿ ಹುತ್ತಗಳಿವೆ. ಅವುಗಳಿಂದ ಹಾವುಗಳು ತಲೆಯೆತ್ತಿವೆ. ಶಿಲ್ಪಿಯು ಆ ವಿಷಜಂತುಗಳನ್ನು ಸ್ವಾಮಿಯ ಸನ್ನಿಧಿಯಿಂದ ಓಡಿಸಲಿಲ್ಲ. ಅಚಲವಾದ ಆ ಯೋಗಸ್ಥಿತಿ ಗೃಹಸ್ಥರಿಗೆ ಎಟುಕದು. ಅವರ ಮನೆಯಲ್ಲಿ ಮಕ್ಕಳಿದ್ದಾರೆ, ವೃದ್ಧರಿದ್ದಾರೆ. ಆದುದರಿಂದಲೇ ಅವರಿಗೆ ಪೊರಕೆ, ದೀಪ, ಲೋಟ, ರಟ್ಟು ಮತ್ತು ಎಚ್ಚರದ ಕಣ್ಣುಗಳನ್ನು ಪರಂಪರೆ ಕೊಟ್ಟಿದೆ. ದನವಿದ್ದಾಗ ಕೊಟ್ಟಿಗೆಯನ್ನು ದಿನಕ್ಕೆರಡು ಸಲ ಗುಡಿಸುತ್ತಿದ್ದ ಹಿರಿಯರು ಯತ್ನಾಚಾರವೆಂಬ ಶಬ್ದವನ್ನು ಕೇಳಿರಲಿ, ಕೇಳದಿರಲಿ, ಅದನ್ನು ಪಾಲಿಸುತ್ತಿದ್ದರು. ಶಬ್ದವನ್ನು ಬಲ್ಲ ಇಂದಿನವರು ಆ ಪೊರಕೆಯನ್ನು ಮತ್ತೆ ಕೈಗೆತ್ತಿಕೊಂಡರೆ, ಮೂಲೆಯ ಜೇಡವೂ ಅಂಗಳದ ಮಗುವೂ ಒಂದೇ ಸೂರಿನಡಿ ನಿರ್ಭಯವಾಗಿ ಬಾಳಬಲ್ಲವು.